ಡಾಕ್ಟರ್ ಫೀಲ್‌ಗುಡ್: ಪಬ್ಬಿನಿಂದ ನಂಬರ್ 1ಕ್ಕೆ!

ರಾಕ್ ಅಂದ್ರೆ ಬಣ್ಣದ ಲೈಟು, ಹೊಗೆ, ಮಿರಮಿರ ಮಿಂಚುವ ಬಟ್ಟೆ ಅಂತ ನಾನೂ ನಂಬಿದ್ದೆ. ಜೂಲಿಯನ್ ಟೆಂಪಲ್ 2009ರಲ್ಲಿ ತೆಗೆದ 'ಆಯಿಲ್ ಸಿಟಿ ಕಾನ್ಫಿಡೆನ್ಷಿಯಲ್' ಚಿತ್ರ ನೋಡಿದ ಮೇಲೆ ಆ ಭ್ರಮೆ ಹಾರಿಹೋಯ್ತು!

ಅದು 'ಡಾಕ್ಟರ್ ಫೀಲ್‌ಗುಡ್' ಬ್ಯಾಂಡಿನ ಕಥೆ. ಹುಟ್ಟಿದ್ದು 1971ರಲ್ಲಿ, ಇಂಗ್ಲೆಂಡಿನ ಕ್ಯಾನ್ವೇ ದ್ವೀಪದ ಎಣ್ಣೆ ಟ್ಯಾಂಕುಗಳ ನೆರಳಲ್ಲಿ. ಲಂಡನ್ನಿನ ಪಬ್ಬುಗಳೇ ಇವರ ರಂಗಮಂದಿರ. ಕೊಳೆಯಾದ ಬಿಳಿ ಸೂಟಿನಲ್ಲಿ ಲೀ ಬ್ರಿಲೋ ಗುಡುಗುತ್ತಿದ್ದರೆ, ವಿಲ್ಕೊ ಜಾನ್ಸನ್ ಗಿಟಾರನ್ನು ಬಂದೂಕಿನಂತೆ ಹಿಡಿದು, ಕಣ್ಣರಳಿಸಿ ಹಿಂದೆ ಮುಂದೆ ಓಡ್ತಿದ್ದ. ಥೇಟ್ ಖಳನಾಯಕ! 1976ರಲ್ಲಿ ಇವರ ಲೈವ್ ಆಲ್ಬಂ 'ಸ್ಟುಪಿಡಿಟಿ' ಬ್ರಿಟನ್ನಿನಲ್ಲಿ ನಂಬರ್ 1.

ಮರುವರ್ಷವೇ ಒಡಕು. ವಿಲ್ಕೊ ಹೊರನಡೆದ. ಕಥೆ ಮುಗೀತು ಅಂದುಕೊಂಡಿರಾ? ಲೀ ಜಗ್ಗಲಿಲ್ಲ. 1979ರಲ್ಲಿ 'ಮಿಲ್ಕ್ ಅಂಡ್ ಆಲ್ಕೋಹಾಲ್' ಹಾಡು ಟಾಪ್ 10 ಮುಟ್ಟಿತು. 1994ರಲ್ಲಿ ಕ್ಯಾನ್ಸರ್ ಅವನನ್ನು ಒಯ್ದಾಗ ವಯಸ್ಸು ಬರೀ 41.

ವಿಲ್ಕೊನದು ಇನ್ನೊಂದು ಸಿನಿಮಾ. 'ಗೇಮ್ ಆಫ್ ಥ್ರೋನ್ಸ್'ನಲ್ಲಿ ತಲೆ ಕಡಿಯುವ ಮೂಗನ ಪಾತ್ರ ಮಾಡಿದವನು ಇವನೇ! ಇವನಿಗೂ ಕ್ಯಾನ್ಸರ್ ಬಂತು. ಉಳಿದಿರೋದು ಕೆಲವೇ ತಿಂಗಳು ಅಂದರು ಡಾಕ್ಟರು. ಈತ ಹಾಸಿಗೆ ಹಿಡೀಲಿಲ್ಲ, 2013ರಲ್ಲಿ ವಿದಾಯದ ಪ್ರವಾಸ ಹೊರಟ! 2014ರಲ್ಲಿ ದೊಡ್ಡ ಆಪರೇಷನ್ ಆಗಿ ಬದುಕಿಬಂದ, 2022ರವರೆಗೂ ಇದ್ದ.

ಇತ್ತ ಲೀ ಜೊತೆ ನುಡಿಸಿದವರು 1995ರಲ್ಲಿ ಹೊಸ ಗಾಯಕನೊಡನೆ ಮತ್ತೆ ವೇದಿಕೆ ಹತ್ತಿದರು. ಮೊದಲಿನ ನಾಲ್ವರಲ್ಲಿ ಒಬ್ಬನೂ ಇಲ್ಲ. ಹೆಸರು ಮಾತ್ರ ಅದೇ! ಇದು ಮೋಸ ಅಲ್ವೇ ಅಂತ ನನಗೂ ಅನ್ನಿಸಿತು. ಆದರೆ ಯಜಮಾನ ಹೋದ ಮೇಲೂ ನಮ್ಮ ನಾಟಕ ಕಂಪನಿಗಳು ಊರೂರು ತಿರುಗಲಿಲ್ಲವೇ? ನೀವೇನಂತೀರಿ?