ಕಟ್ಟೆ ಕಟ್ಟಲು ಬಂದವರು ದಿವಾನರಾದರು

1912ರವರೆಗೆ ಮೈಸೂರು ಸಂಸ್ಥಾನದ ದಿವಾನಗಿರಿಯೆಂದರೆ ಕಂದಾಯ, ಕಾನೂನು, ಲೆಕ್ಕಪತ್ರ ಬಲ್ಲವರ ಹುದ್ದೆ. ರಂಗಾಚಾರ್ಲು, ಶೇಷಾದ್ರಿ ಅಯ್ಯರ್, ಮಾಧವರಾವ್ ಎಲ್ಲರೂ ಕಚೇರಿಯ ಮೆಟ್ಟಿಲು ಹತ್ತಿ ಮೇಲೆ ಬಂದವರು. ಆ ವರ್ಷದ ನವೆಂಬರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಆ ಜಾಗಕ್ಕೆ ಒಬ್ಬ ಎಂಜಿನಿಯರನ್ನು ತಂದು ಕೂರಿಸಿದರು. ಮೋಕ್ಷಗುಂಡಂ ವಿಶ್ವೇಶ್ವರಯ್ಯನವರಿಗೆ ಆಗ ಐವತ್ತು ದಾಟಿತ್ತು. ಮೈಸೂರಿನಲ್ಲಿ ಅವರ ಬೆನ್ನಿಗಿದ್ದದ್ದು ಮೂರು ವರ್ಷದ ಸೇವೆ, ಜೊತೆಗೆ ಶ್ರೀರಂಗಪಟ್ಟಣದ ಪಕ್ಕದ ಕನ್ನಂಬಾಡಿಯಲ್ಲಿ ಇನ್ನೂ ಪಾಯದಿಂದ ಏಳುತ್ತಿದ್ದ ಒಂದು ಕಟ್ಟೆ.

ಕಾರ್ಖಾನೆಯಿಂದ, ಅಣೆಕಟ್ಟೆಯ ಕೆಲಸದಿಂದ ಬಂದವರು ದೇಶದ ಚುಕ್ಕಾಣಿ ಹಿಡಿಯುವುದನ್ನು ನಮ್ಮ ಕಾಲದಲ್ಲಿ ಚೀನಾದಲ್ಲಿ ಕಂಡಿದ್ದೇವೆ. ಜಿಯಾಂಗ್ ಝೆಮಿನ್ ಚಾಂಗ್‌ಚುನ್ ನಗರದ ಮೋಟಾರು ಕಾರ್ಖಾನೆಯಲ್ಲಿದ್ದ ವಿದ್ಯುತ್ ಎಂಜಿನಿಯರ್. ಅವರ ನಂತರ ಬಂದ ಹು ಜಿಂಟಾವೊ ಜಲವಿದ್ಯುತ್ ಓದಿ, ಹಳದಿ ನದಿಯ ಮೇಲಿನ ಲಿಯುಜಿಯಾಶಿಯಾ ಅಣೆಕಟ್ಟೆಯ ಕೆಲಸದಲ್ಲಿ ದುಡಿದವರು. ಇಬ್ಬರೂ ರಾಷ್ಟ್ರಾಧ್ಯಕ್ಷರಾದರು. ನಮ್ಮ ಕಾವೇರಿ ದಂಡೆಯಲ್ಲಿ ಅಂಥದ್ದೊಂದು ಅವರಿಗಿಂತ ಎಷ್ಟೋ ಮೊದಲೇ ನಡೆದಿತ್ತು.

ವಿಶ್ವೇಶ್ವರಯ್ಯನವರು ಮೈಸೂರಿಗೆ ಬಂದದ್ದು ಹೊರಗಿನಿಂದ. ಪುಣೆಯಲ್ಲಿ ಎಂಜಿನಿಯರಿಂಗ್ ಓದಿ 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆ ಸೇರಿದರು. ಸಿಂಧ್‌ನ ಸಕ್ಕರ್ ಪಟ್ಟಣಕ್ಕೆ ಕುಡಿಯುವ ನೀರು ಕೊಟ್ಟರು. ನೀರು ಮಟ್ಟ ಮೀರಿದಾಗ ತಾವಾಗಿ ತೆರೆದು, ಇಳಿದಾಗ ತಾವಾಗಿ ಮುಚ್ಚಿಕೊಳ್ಳುವ ಬಾಗಿಲುಗಳನ್ನು ಖಡಕ್‌ವಾಸ್ಲಾ ಕಟ್ಟೆಗೆ ಕೂರಿಸಿದರು. 1908ರಲ್ಲಿ ನಿವೃತ್ತಿ ಪಡೆದ ಮೇಲೆ, ಮೂಸಿ ನದಿಯ ಪ್ರವಾಹದಿಂದ ತತ್ತರಿಸಿದ್ದ ಹೈದರಾಬಾದಿಗೆ ಹೋಗಿ ಯೋಜನೆ ಬರೆದುಕೊಟ್ಟರು. ಅಲ್ಲಿಂದ 1909ರ ನವೆಂಬರಿನಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆಗಿ ಬಂದರು. ಒಪ್ಪಿಕೊಳ್ಳುವ ಮೊದಲೇ ಅವರು ಒಂದು ಮಾತು ಕೇಳಿ ಖಾತ್ರಿ ಮಾಡಿಕೊಂಡಿದ್ದರು: ದೊಡ್ಡ ಕೆಲಸಗಳಿಗೆ ಅವಕಾಶವಿದೆಯೇ?

ದೊಡ್ಡ ಕೆಲಸ ಎದುರಿಗೇ ಇತ್ತು. 1902ರಿಂದ ಶಿವನಸಮುದ್ರದ ವಿದ್ಯುತ್ ಕೋಲಾರದ ಚಿನ್ನದ ಗಣಿಗೆ ಹೋಗುತ್ತಿತ್ತು. ಬೇಸಿಗೆಯಲ್ಲಿ ಹೊಳೆ ಸೊರಗಿದರೆ ವಿದ್ಯುತ್ತೂ ಸೊರಗುತ್ತಿತ್ತು, ಗಣಿಯವರು ಇನ್ನೂ ಹೆಚ್ಚು ಕೇಳುತ್ತಿದ್ದರು. ಮಳೆಗಾಲದ ನೀರನ್ನು ಮೇಲೆಯೇ ಹಿಡಿದಿಟ್ಟುಕೊಂಡರೆ ಗಣಿಗೆ ವಿದ್ಯುತ್, ಬಯಲಿಗೆ ನೀರು, ಎರಡೂ ದಕ್ಕುತ್ತಿತ್ತು. ಕನ್ನಂಬಾಡಿಯಲ್ಲಿ ಕಟ್ಟೆ ಕಟ್ಟುವ ಮಾತು ಹೊಸದೇನಲ್ಲ. ಟಿಪ್ಪು ಸುಲ್ತಾನನ ಕಾಲದ 1794ರ ಪಾರ್ಸಿ ಶಾಸನ ಇವತ್ತಿಗೂ ಕಟ್ಟೆಯ ಹೆಬ್ಬಾಗಿಲ ಬಳಿ ಇದೆ. ಶ್ರೀರಂಗಪಟ್ಟಣದ ಸುತ್ತ ಚಿಕ್ಕದೇವರಾಜ ಸಾಗರ ನಾಲೆ, ಬಂಗಾರದೊಡ್ಡಿ ನಾಲೆಗಳು ಒಡೆಯರ ಕಾಲದಿಂದಲೂ ಗದ್ದೆಗೆ ನೀರುಣಿಸುತ್ತಿದ್ದವು. ಇಷ್ಟು ದೊಡ್ಡ ಜಲಾಶಯದ ಖರ್ಚು ಹೊರುವ ಧೈರ್ಯ ಮಾತ್ರ ಬೊಕ್ಕಸಕ್ಕೆ ಇರಲಿಲ್ಲ.

ಹಣಕಾಸಿನ ಕಡೆಯವರು ಅಡ್ಡ ಬಂದರು, ದಿವಾನ ಆನಂದರಾಯರೂ ಹಿಂದೆಮುಂದೆ ನೋಡಿದರು. ವಿಶ್ವೇಶ್ವರಯ್ಯನವರು ಬೇಸತ್ತರು. ಕೊನೆಗೆ ಮಹಾರಾಜರೇ ಮನಸ್ಸು ಮಾಡಿ 1911ರ ಅಕ್ಟೋಬರಿನಲ್ಲಿ 81 ಲಕ್ಷ ರೂಪಾಯಿಗೆ ಮಂಜೂರಾತಿ ಕೊಟ್ಟರು. ಮರು ತಿಂಗಳೇ ಕೆಲಸ ಶುರು.

ಕಟ್ಟೆಯ ಒಡಲಲ್ಲಿ ಇರುವುದು ಕಲ್ಲು, ಸುರ್ಕಿ ಗಾರೆ. ಸಿಮೆಂಟು ಆಗ ಹಡಗಿನಲ್ಲಿ ಬರಬೇಕಿದ್ದ ದುಬಾರಿ ಮಾಲು. ಸುಟ್ಟ ಜೇಡಿಮಣ್ಣನ್ನು, ಇಟ್ಟಿಗೆಯನ್ನು ನುಣ್ಣಗೆ ಪುಡಿ ಮಾಡಿ ಸುಣ್ಣದ ಜೊತೆ ಅರೆದರೆ ಸುರ್ಕಿ ಗಾರೆಯಾಗುತ್ತದೆ. ಒದ್ದೆಯಲ್ಲೇ ಬಿಗಿಯುವುದು, ವರ್ಷಗಳು ಕಳೆದಂತೆ ಗಟ್ಟಿಯಾಗುವುದು ಅದರ ಗುಣ. 8,600 ಅಡಿ ಉದ್ದದ ಕಟ್ಟೆಯನ್ನು ನಮ್ಮ ಸುಣ್ಣ, ನಮ್ಮ ಮಣ್ಣು, ನಮ್ಮ ಕೂಲಿಯವರ ಕೈ ಸೇರಿ ಎತ್ತಿ ನಿಲ್ಲಿಸಿದವು. 1915ರ ಮಳೆಗಾಲದ ಹೊತ್ತಿಗೆ ಗಣಿಗೆ ಹೆಚ್ಚುವರಿ ವಿದ್ಯುತ್ ಕೊಡುವ ಮಾತಾಗಿತ್ತು. ಸಾವಿರಾರು ಆಳುಗಳು ಹಗಲಲ್ಲದೆ ರಾತ್ರಿ ದೀಪದ ಬೆಳಕಿನಲ್ಲೂ ದುಡಿದರು, ಮಲೇರಿಯಾ ಕಾಡಿತು. ಕಟ್ಟೆಯೆಂದರೆ ವಿಶ್ವೇಶ್ವರಯ್ಯ ಎನ್ನುವ ನಾವು ಆ ಆಳುಗಳನ್ನು ನೆನೆಯದಿರುವುದು ನನಗೆ ನೋವಿನ ಸಂಗತಿ.

ಕಲ್ಲಿಗಿಂತ ಕಷ್ಟದ ಕೆಲಸ ಕಾಗದದಲ್ಲಿತ್ತು. ಕಾವೇರಿಯ ಕೆಳಹರಿವಿನಲ್ಲಿದ್ದ ಮದರಾಸು ಸರ್ಕಾರ ಒಪ್ಪಿದ್ದು 11 ಟಿಎಂಸಿಯ ಜಲಾಶಯಕ್ಕೆ. ಮೈಸೂರು ಪಾಯ ತೋಡಿದ್ದು 41.5 ಟಿಎಂಸಿಯ ಲೆಕ್ಕದಲ್ಲಿ, ಮುಂದೆಂದಾದರೂ ಎತ್ತರಿಸಲು ಬರಲಿ ಎಂದು. ತಕರಾರು ಪಂಚಾಯಿತಿಗೆ ಹೋಗಿ, 1914ರ ಗ್ರಿಫಿನ್ ತೀರ್ಪು ಮೈಸೂರಿಗೆ ಅನುಕೂಲವಾಗಿಯೇ ಬಂತು. ಮದರಾಸು ಅದನ್ನು ಒಪ್ಪದೆ ಮೇಲಿನವರೆಗೂ ಒಯ್ದಿತು. 1924ರ ಫೆಬ್ರವರಿಯ ಒಪ್ಪಂದದಲ್ಲಿ 124 ಅಡಿಯ ಮಟ್ಟ ಖಾಯಂ ಆಯಿತು. ಎಂಜಿನಿಯರ್ ಒಬ್ಬರಿಗೆ ದಿವಾನಗಿರಿ ಏಕೆ ಬೇಕಾಯಿತು ಎಂಬುದಕ್ಕೆ ಉತ್ತರ ಇಲ್ಲೇ ಇದೆಯೆಂದು ನನಗನ್ನಿಸುತ್ತದೆ. ಅಂದಾಜು ಪಟ್ಟಿ ಬರೆಯುವವರಿಗೆ ಖಜಾನೆಯ ಬೀಗದ ಕೈಯೂ ಇರಲಿಲ್ಲ, ಮದರಾಸಿನೊಂದಿಗೆ ಪತ್ರ ಬರೆದು ವಾದಿಸುವ ಅಧಿಕಾರವೂ ಇರಲಿಲ್ಲ.

ಆ ಅಧಿಕಾರ ಕೈಗೆ ಬಂದ ಆರು ವರ್ಷಗಳಲ್ಲಿ ಆದದ್ದನ್ನು ಎಲ್ಲರೂ ಬಲ್ಲರು. 1913ರಲ್ಲಿ ಮೈಸೂರು ಬ್ಯಾಂಕ್, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, ಗಂಧದೆಣ್ಣೆಯ ಕಾರ್ಖಾನೆ.

ಹುದ್ದೆ ಬಿಟ್ಟದ್ದು ಹೇಗೆಂಬುದನ್ನು ಮಾತ್ರ ನಾವು ಅಷ್ಟಾಗಿ ಹೇಳಿಕೊಳ್ಳುವುದಿಲ್ಲ. ಸರ್ಕಾರಿ ನೌಕರಿಯಲ್ಲಿ ಬ್ರಾಹ್ಮಣೇತರರಿಗೆ ಪಾಲು ಕೊಡುವುದನ್ನು ಪರಿಶೀಲಿಸಲು ಮಹಾರಾಜರು 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ಅರ್ಹತೆಯೊಂದೇ ಅಳತೆಗೋಲಾಗಬೇಕೆಂಬುದು ವಿಶ್ವೇಶ್ವರಯ್ಯನವರ ಪಟ್ಟು. ಆ ವರ್ಷದ ಕೊನೆಗೆ ದಿವಾನಗಿರಿ ಬಿಟ್ಟರು, ಕಾಂತರಾಜ ಅರಸರು ಬಂದರು. ಆ ವಿಷಯದಲ್ಲಿ ಮಹಾರಾಜರು ಹಿಡಿದ ದಾರಿಯೇ ಸರಿಯಾಗಿತ್ತೆಂದು ನಾನು ನಂಬುತ್ತೇನೆ. ವಿಶ್ವೇಶ್ವರಯ್ಯನವರ ನೀರಿನಿಂದ ನಾಲ್ಕು ಕಾಸು ಕಂಡು ಮಕ್ಕಳನ್ನು ಓದಿಸಿದ ಮಂಡ್ಯದ ಬೇಸಾಯಗಾರರ ಮನೆಗಳಿಗೆ ಕಚೇರಿಯ ಬಾಗಿಲನ್ನು ತೆರೆದದ್ದು ಅವರು ಒಪ್ಪದ ಆ ನೀತಿ.

ಅಷ್ಟಕ್ಕೇ ಅವರು ಕೈಕಟ್ಟಿ ಕೂರಲಿಲ್ಲ. 1923ರಲ್ಲಿ ಶುರುವಾಗಿ ನಷ್ಟಕ್ಕೆ ಬಿದ್ದಿದ್ದ ಭದ್ರಾವತಿ ಕಬ್ಬಿಣದ ಕಾರ್ಖಾನೆಯ ಆಡಳಿತ ಮಂಡಲಿಯ ಅಧ್ಯಕ್ಷರಾಗಿ 1929ರವರೆಗೆ ಖರ್ಚು ಹಿಡಿದು, ಕೆಲಸಗಾರರನ್ನು ತರಬೇತುಗೊಳಿಸಿ ಅದನ್ನು ಎತ್ತಿ ನಿಲ್ಲಿಸಿದರು. ಅಧಿಕಾರದಿಂದ ಕಾರ್ಖಾನೆಗೆ ಇಳಿದು ಬರುವವರು ಎಷ್ಟು ಮಂದಿ ಸಿಗುತ್ತಾರೆ?

ಅಷ್ಟರಲ್ಲಿ ಕಟ್ಟೆಯ ಎಡದಂಡೆಯಿಂದ ಇರ್ವಿನ್ ನಾಲೆ ಹೊರಟು, ಹುಲಿಕೆರೆಯ ಸುರಂಗ ದಾಟಿ ಮಂಡ್ಯದ ಹೊಲಗಳಿಗೆ ಇಳಿಯುವ ಕಾಲ ಬಂತು. ಈಗ ಅದನ್ನು ವಿಶ್ವೇಶ್ವರಯ್ಯನವರ ಹೆಸರಿನಲ್ಲಿ ವಿ.ಸಿ. ನಾಲೆ ಎನ್ನುತ್ತೇವೆ. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಂಪನಿ, ಮುಂದೆ ಪಾಂಡವಪುರದಲ್ಲಿ ಸಹಕಾರಿ ಸಕ್ಕರೆ ಕಾರ್ಖಾನೆ. ರಾಗಿ ಹೊಲ ಭತ್ತದ ಗದ್ದೆಯಾಯಿತು, ಕಬ್ಬಿನ ತೋಟವಾಯಿತು, ಆಲೆಮನೆಗಳೆದ್ದವು. 1939ರಲ್ಲಿ ಮಂಡ್ಯ ಜಿಲ್ಲೆಯೇ ಹುಟ್ಟಿತು.

ನೀರು ಎಲ್ಲರಿಗೂ ಒಂದೇ ತೂಕದಲ್ಲಿ ಸಿಗಲಿಲ್ಲ. ಹಳೆಯ ಕನ್ನಂಬಾಡಿ ಊರು ಮುಳುಗಿತು. ಜನ ಪಾಂಡವಪುರ ತಾಲ್ಲೂಕಿನ ಹೊಸ ಕನ್ನಂಬಾಡಿಗೆ ಬಂದರು. ಅವರ ವೇಣುಗೋಪಾಲಸ್ವಾಮಿಯ ಹೊಯ್ಸಳ ದೇಗುಲ ಹತ್ತಾರು ವರ್ಷ ನೀರಡಿಯಲ್ಲಿದ್ದು, ಬರಗಾಲದಲ್ಲಿ ಮೇಲೆ ಕಾಣುತ್ತಿತ್ತು. ಕಲ್ಲು ಕಲ್ಲನ್ನೂ ಬಿಡಿಸಿ ಮೇಲಿನ ದಂಡೆಯಲ್ಲಿ ಮತ್ತೆ ಕಟ್ಟಿದ್ದು ನಮ್ಮ ಕಾಲದಲ್ಲಿ. ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ ಅಂಬಿಗರಹಳ್ಳಿಯ ಸಂಗಮದವರೆಗೂ ಹಿನ್ನೀರು ಹರಡಿತು. ಅಲ್ಲಿನವರಿಗೆ ಹೇಮಗಿರಿ, ಮಂದಗೆರೆಯ ಹಳೆಯ ಒಡ್ಡುಗಳೇ ಆಸರೆಯಾಗಿ ಉಳಿದವು. ನಾಗಮಂಗಲಕ್ಕೆ ಕನ್ನಂಬಾಡಿಯ ನೀರು ಏರಲಿಲ್ಲ. ಕೆರೆ, ಮಳೆರಾಯ, ರಾಗಿ, ಹುರುಳಿ ನೆಚ್ಚಿಕೊಂಡೇ ಆ ತಾಲ್ಲೂಕು ದಿನ ದೂಡಿತು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟೆ ಮುಗಿದದ್ದು 1979ರಲ್ಲಿ. ನಾಗಮಂಗಲದ ಶಾಖಾ ನಾಲೆಗೆ ನೀರು ಬರಬೇಕಾದದ್ದು ಅಲ್ಲಿಂದ, ಕಾಲುವೆಯ ಕೊನೆಯ ಊರಿನವರು ಈಗಲೂ ಕೇಳುತ್ತಿರುವುದು ಆ ನೀರಿನ ಪಾಲನ್ನೇ.