ನಾಳೆಯ ಗಾಳಿ ಹೇಗಿದ್ದೀತು?

ಚಳಿಗಾಲದ ಮುಂಜಾನೆ ದೇವನಹಳ್ಳಿಯ ಬಯಲಿನಲ್ಲಿ ಮಂಜು ನೆಲಕ್ಕಂಟಿ ನಿಲ್ಲುವುದನ್ನು ತಾವು ಕಂಡಿರಬಹುದು. ನೆಲಮಂಗಲ, ಹೊಸಕೋಟೆಗಳ ಹೆದ್ದಾರಿಯ ಹೊಗೆಯೂ ಹಾಗೆಯೇ ನಿಲ್ಲುವುದುಂಟು. ರಾತ್ರಿ ನೆಲ ತಣಿದಾಗ ಅದನ್ನು ತಾಕಿದ ಗಾಳಿಯೂ ತಣಿದು ಭಾರವಾಗುತ್ತದೆ. ಮೇಲಿನ ಬೆಚ್ಚನೆಯ ಗಾಳಿ ಅದಕ್ಕೆ ಮುಚ್ಚಳವಾಗುತ್ತದೆ. ಬಿಸಿಲೇರಿ ನೆಲ ಕಾದ ಮೇಲೆಯೇ ಈ ಮುಚ್ಚಳ ತೆರೆಯುವುದು.

ಅಳೆಯುವ ಯಂತ್ರ ಈಗಿನ ಗಾಳಿಯ ಸ್ಥಿತಿಯನ್ನಷ್ಟೇ ಹೇಳೀತು. ನಾಳೆಯದನ್ನು ತಿಳಿಯಲು, ಊರು ಹೊರಬಿಡುವ ಹೊಗೆ, ಧೂಳುಗಳ ಅಂದಾಜನ್ನು ನಾಳೆಯ ಗಾಳಿಯ ವೇಗ, ಮುಚ್ಚಳದ ಎತ್ತರ ಇವುಗಳೊಡನೆ ಕೂಡಿಸಿ ಲೆಕ್ಕ ಹಾಕಬೇಕು. ದೆಹಲಿಯಲ್ಲಿ 2018ರಲ್ಲಿ ಇಂಥ ಮುನ್ನೆಚ್ಚರಿಕೆಯ ವ್ಯವಸ್ಥೆ ಜಾರಿಗೆ ಬಂತು.

ಮನೆಯಲ್ಲಿ ಉಬ್ಬಸದವರಿದ್ದರೆ ಇಷ್ಟು ನೆನಪಿರಲಿ: ಚಳಿಗಾಲದಲ್ಲಿ ಆಕಾಶ ತಿಳಿಯಾಗಿ, ಎಲೆಯೂ ಅಲುಗದ ಮುಂಜಾನೆ ರಸ್ತೆಬದಿಯ ನಡಿಗೆಗೆ ತಕ್ಕ ಹೊತ್ತಲ್ಲ. ಬಿಸಿಲೇರುವ ತನಕ ಕಾಯುವುದು ಲೇಸು.