ಅರ್ಬುದರೋಗವೂ ದೇಹದ ಆತ್ಮರಕ್ಷಣೆಯೂ

ಅರ್ಬುದ ಅಥವಾ ಕ್ಯಾನ್ಸರ್ ರೋಗದ ಜೀವಕಣಗಳು ಹೊರಗಿನಿಂದ ಬಂದ ಶತ್ರುಗಳಲ್ಲ. ದೇಹದಲ್ಲಿಯೇ ಹುಟ್ಟಿ ಅಂಕೆ ಮೀರಿದವು. ಆದರೂ ರಕ್ತದ ‘ಟಿ’ ಕಣಗಳು ಇವನ್ನು ಅನೇಕವೇಳೆ ಗುರುತಿಸಬಲ್ಲವು. ಗುರುತಿಸಿಯೂ ಕೊಲ್ಲದಿರುವುದೇಕೆ? ಸ್ವಂತ ಅಂಗಗಳನ್ನೇ ನಾಶಮಾಡದಂತೆ ಆ ಕಣಗಳಿಗೆ ಕಡಿವಾಣದಂತಿರುವ ಕೆಲವು ಅಣುಗಳುಂಟು. ಆ ತಡೆಯಿಂದಲೇ ಎಷ್ಟೋ ಅರ್ಬುದಗಳು ಬದುಕಿಕೊಳ್ಳುವುವು. ಅಂತಹ ಒಂದು ಅಣುವನ್ನು ಪ್ರತಿಕಾಯದಿಂದ ಮುಚ್ಚಿದರೆ ಇಲಿಗಳ ಗೆಡ್ಡೆಗಳು ಕರಗುವುವೆಂದು ಅಮೆರಿಕದ ಜೇಮ್ಸ್ ಆಲಿಸನ್ನರು 1996ರಲ್ಲಿ ಪ್ರಕಟಿಸಿದರು. ಜಪಾನಿನ ತಸುಕು ಹೊಂಜೋ ಅವರ ಪ್ರಯೋಗಶಾಲೆಯು ಮತ್ತೊಂದನ್ನು 1992ರಲ್ಲಿಯೇ ಕಂಡುಹಿಡಿದಿದ್ದಿತು. 2018ರ ನೊಬೆಲ್ ಬಹುಮಾನವು ಈರ್ವರಿಗೂ ಸಂದಿತು. ತಿಂಗಳೆಣಿಸುತ್ತಿದ್ದ ಮೆಲನೋಮ ಎಂಬ ಚರ್ಮಾರ್ಬುದದ ರೋಗಿಗಳಲ್ಲಿ ಕೆಲವರು ಈ ‘ಇಮ್ಯುನೊಥೆರಪಿ’ಯಿಂದ 10 ವರ್ಷ ಮೀರಿ ಬದುಕಿರುವರು. ಎಲ್ಲರಿಗೂ ಫಲಿಸದು. ಕಡಿವಾಣ ಕಳಚಿದ ಕಣಗಳು ಕರುಳನ್ನೂ ಶ್ವಾಸಕೋಶವನ್ನೂ ಬಾಧಿಸುವುದುಂಟು. ಆಗ ತಾನೇ ಎಬ್ಬಿಸಿದುದನ್ನು ವೈದ್ಯನು ತಾನೇ ಸ್ಟಿರಾಯ್ಡಿನಿಂದ ತಣಿಸಬೇಕಾಗುತ್ತದೆ.